ಸ್ಟಾನ್ಸಿನಲ್ಲಿ ಪೆಸ್ಟಲಾಜಿ

ಶಿಕ್ಷಕರ ತರಬೇತಿಯನ್ನು ಪಡೆದವರಲ್ಲಿ ಪೆಸ್ಟಲಾಜಿಯ ಹೆಸರನ್ನು ಕೇಳದವರಿಲ್ಲ. ವಸ್ತುವನ್ನು ಕಣ್ಣಮುಂದಿರಿಸಿ ಪಾಠ ಹೇಳಬೇಕೆಂದವನು ಎಂದು ಪರೀಕ್ಷೆಯಲ್ಲಿ ಬರೆದು ಅವನನ್ನು ಬೀಳ್ಕೊಡುತ್ತೇವೆ. ಆ ಬೋಧನಕ್ರಮವು ಪ್ರಸಿದ್ಧಿಗೆ ಬರುವ ಮೊದಲು ಅವನು ಸ್ಟಾನ್ಸಿನಲ್ಲಿ ಕಳೆದ ಐದು ತಿಂಗಳುಗಳು ಅದಕ್ಕಿಂತಲೂ ಮುಖ್ಯವೆಂದು ನನ್ನ ಭಾವನೆ.

ಸ್ಟಾನ್ಸ್ ಸ್ವಿಟ್ಜರ್ಲೆಂಡಿನ ನಿಡ್‌ವಾಲ್ಡೆನ್ ಪ್ರಾಂತದ ಪಟ್ಟಣ. ಫ್ರೆಂಚರ ಬೆಂಬಲದಿಂದ ಹುಟ್ಟಿದ ಹೊಸ ಗಣರಾಜ್ಯಕ್ಕೆ ನಿಷ್ಠೆಯ ಪ್ರಮಾಣ ಮಾಡಲು ಅಲ್ಲಿನ ಜನರು ಒಪ್ಪಲಿಲ್ಲ. ೧೭೯೮ನೆಯ ಸೆಪ್ಟೆಂಬರ್ ೯ರಂದು ಫ್ರೆಂಚ್ ಸೈನ್ಯವು ಅವರ ಮೇಲೆ ಬಿದ್ದಿತು. ಸುಮಾರು ೪೦೦ ಮಂದಿ ಮಡಿದರು. ನೂರಾರು ಮನೆಗಳು ಉರಿದುಹೋದುವು. ಅನಾಥರಾದ ಮಕ್ಕಳಿಗಾಗಿ ಸರಕಾರವು ಸನ್ಯಾಸಿನಿಯರ ಮಠವೊಂದರಲ್ಲಿ ಸ್ಥಳವನ್ನು ಗೊತ್ತುಮಾಡಿ ಪೆಸ್ಟಲಾಜಿಯನ್ನು ಕಳುಹಿಸಿತು. ಊರಿನವರು ಕ್ಯಾಥೊಲಿಕರು, ಇವನು ಪ್ರೊಟೆಸ್ಟಂಟನು. ಮೇಲಾಗಿ ಅದೇ ಸರಕಾರದ ಮನುಷ್ಯನು. ವಯಸ್ಸು ೫೩. ಬಡ ಮಕ್ಕಳಿಗಾಗಿ ಹಿಂದೆ ನಾಯ್‌ಹೋಫಿನಲ್ಲಿ ತೆರೆದಿದ್ದ ಸಂಸ್ಥೆಯು ೧೭೮೦ರಲ್ಲಿಯೇ ಮುಚ್ಚಿಹೋಗಿತ್ತು. ಇಂಥವನನ್ನು ಯಾರು ನಂಬಿಯಾರು?

೧೭೯೯ರ ಜನವರಿಯಲ್ಲಿ ಮಕ್ಕಳು ಬರತೊಡಗಿದರು. ಕ್ರಮೇಣ ಅವರ ಸಂಖ್ಯೆ ೮೦ರಷ್ಟಾಯಿತು. ಕಜ್ಜಿ ಹತ್ತಿದ ಮೈ, ಹೇನು ತುಂಬಿದ ತಲೆ, ಎದ್ದು ಕಾಣುವ ಎಲುಬುಗಳು. ಕೆಲವರು ಬೇಡಿ ಬೇಡಿ ಸುಳ್ಳಿನಲ್ಲಿ ಪಳಗಿದ್ದರು. ಕೆಲವರು ಭಯದಿಂದ ಕುಗ್ಗಿ ಬಾಯಿಬಿಡದವರಾಗಿದ್ದರು. ಹತ್ತರಲ್ಲಿ ಒಬ್ಬನಿಗೆ ಅಕ್ಷರ ಬಂದರೆ ಹೆಚ್ಚು. ಆದರೂ ಅವನು ಅಕ್ಷರದಿಂದ ಆರಂಭಿಸಲಿಲ್ಲ. ಮನೆಗೆಲಸದ ಹೆಂಗಸೊಬ್ಬಳನ್ನು ಬಿಟ್ಟರೆ ಸಹಾಯಕರಿಲ್ಲ. ಮಕ್ಕಳು ಉಂಡುದನ್ನೇ ಉಂಡನು. ಕಾಯಿಲೆ ಬಿದ್ದವರ ಬಳಿಯಲ್ಲಿ ಕುಳಿತನು. ಅವರ ನಡುವೆಯೇ ಮಲಗಿದನು. ರಾತ್ರಿ ಕೊನೆಗೆ ಮಲಗುವವನೂ ಬೆಳಗ್ಗೆ ಮೊದಲು ಏಳುವವನೂ ಅವನೇ. ತನ್ನನ್ನು ಯಾರೋ ಕಾಯುತ್ತಿದ್ದಾರೆಂಬ ಧೈರ್ಯವು ಬಾರದೆ ಹೆದರಿದ ಮಗುವಿನ ಕಿವಿಗೆ ಪಾಠವು ಇಳಿಯದೆಂಬುದನ್ನು ಅವನು ಯಾವ ಗ್ರಂಥದಿಂದಲೂ ಕಲಿತಿರಲಿಲ್ಲ.

ನೆರೆಯ ಆಲ್ಟ್‌ಡಾರ್ಫ್ ಪಟ್ಟಣವು ಆ ಏಪ್ರಿಲಿನಲ್ಲಿ ಬೆಂಕಿಗೆ ಆಹುತಿಯಾಯಿತು. ಅಲ್ಲಿನ ಇಪ್ಪತ್ತು ಮಕ್ಕಳನ್ನು ಇಲ್ಲಿಗೆ ಕರೆಯೋಣವೇ ಎಂದು ಅವನು ತನ್ನ ಮಕ್ಕಳನ್ನು ಕೇಳಿದನು. ಎಲ್ಲರೂ ಹೌದೆಂದರು. ಊಟ ಕಡಿಮೆಯಾಗುತ್ತದೆ, ಕೆಲಸ ಹೆಚ್ಚುತ್ತದೆ, ಬಟ್ಟೆಯನ್ನೂ ಹಂಚಿಕೊಳ್ಳಬೇಕಾದೀತು ಎಂದು ಬಿಡಿಸಿ ಹೇಳಿದ ಮೇಲೂ ಅವರು ಹಿಂಜರಿಯಲಿಲ್ಲ. ಮೂರು ತಿಂಗಳ ಹಿಂದೆ ಬೀದಿಯಲ್ಲಿ ಬೇಡುತ್ತಿದ್ದವರೂ ಈ ಮಕ್ಕಳಲ್ಲಿದ್ದರು! ದಯೆಯನ್ನು ಕುರಿತು ಅವನು ಉಪನ್ಯಾಸ ಮಾಡಿರಲಿಲ್ಲ. ದಯೆಯನ್ನು ಅವರು ಉಂಡಿದ್ದರು.

ಎಲ್ಲವೂ ಸುಖಮಯವಾಗಿತ್ತೆಂದಲ್ಲ. ಹೊಸ ಬಟ್ಟೆ ಸಿಕ್ಕಿದೊಡನೆ ಮಕ್ಕಳನ್ನು ಹಿಂದಕ್ಕೆ ಕರೆದೊಯ್ದ ಹಿರಿಯರಿದ್ದರು. ಪೆಸ್ಟಲಾಜಿಯು ಕೆಲವೊಮ್ಮೆ ಮಕ್ಕಳಿಗೆ ಹೊಡೆದುದೂ ಉಂಟು. ಪ್ರೀತಿಸುವವನ ಏಟನ್ನು ಮಗುವು ತಪ್ಪು ತಿಳಿಯದೆಂಬುದು ಅವನ ಸಮಾಧಾನ. ಈ ಮಾತನ್ನು ನಾನು ಒಪ್ಪಲಾರೆ. ಹಗಲಿರುಳು ಜೊತೆಗಿದ್ದವನು ಆಡಿದ ಮಾತನ್ನು ಹತ್ತು ಗಂಟೆಗೆ ಬಂದು ನಾಲ್ಕಕ್ಕೆ ಹೊರಡುವ ಅಧ್ಯಾಪಕನು ಬೆತ್ತಕ್ಕೆ ಆಧಾರವಾಗಿ ಹಿಡಿಯುವುದಂತೂ ಸಲ್ಲದು. ನಮ್ಮ ದೇಶದ ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯು ದೈಹಿಕ ಶಿಕ್ಷೆಯೊಡನೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತವನ್ನು ಕೆಳಗಿಟ್ಟರೂ ನಾಲಗೆಯನ್ನು ಬಿಗಿಹಿಡಿಯದವರು ಈ ಎರಡನೆಯ ಮಾತನ್ನು ಗಮನಿಸಬೇಕು.

ಜೂನ್ ೮ರಂದು ಫ್ರೆಂಚ್ ಸೈನ್ಯಕ್ಕೆ ಆಸ್ಪತ್ರೆಗಾಗಿ ಆ ಕಟ್ಟಡವು ಬೇಕಾಯಿತು. ಹೆಚ್ಚಿನ ಮಕ್ಕಳು ಚದುರಿಹೋದರು. ಬಳಲಿ ರೋಗಿಯಾದ ಪೆಸ್ಟಲಾಜಿಯು ಗುರ್ನಿಗೆಲ್ ಎಂಬ ಬೆಟ್ಟದೂರಿಗೆ ತೆರಳಿ, ಸ್ಟಾನ್ಸಿನ ಅನುಭವಗಳನ್ನು ಮಿತ್ರನಿಗೆ ದೀರ್ಘ ಪತ್ರವಾಗಿ ಬರೆದನು. ಅದೇ ವರ್ಷ ಬುರ್ಗ್‌ಡಾರ್ಫಿನಲ್ಲಿ ಚಮ್ಮಾರನೊಬ್ಬನು ನಡೆಸುತ್ತಿದ್ದ ಬಡವರ ಶಾಲೆಯನ್ನು ಸೇರಿದನು. ನಮ್ಮ ತರಬೇತಿಯ ಪುಸ್ತಕಗಳ ಪೆಸ್ಟಲಾಜಿಯು ಅಲ್ಲಿಂದ ಆರಂಭವಾಗುತ್ತಾನೆ.