ಗಿಟಾರ್ ಡಿಸ್ಟಾರ್ಷನ್: ಪೆಡಲ್, ಆಂಪ್ ಮತ್ತು ಆಯ್ಕೆಯ ಏಳು ದಶಕ

ಎಲೆಕ್ಟ್ರಿಕ್ ಗಿಟಾರಿನ ತಂತಿ ಮೀಟಿದಾಗ ಪಿಕಪ್‌ನಲ್ಲಿ ಹುಟ್ಟುವ ಸಂಕೇತ ಬಹಳ ಕ್ಷೀಣ. ಅದನ್ನು ಹಿಗ್ಗಿಸುವ ಪ್ರತಿ ಸರ್ಕ್ಯೂಟಿಗೂ ಒಂದು ಮಿತಿ ಇದೆ. ಆ ಮಿತಿ ಮೀರಿದೊಡನೆ ಅಲೆಯ ತುದಿಗಳು ಕತ್ತರಿಸಿಹೋಗುತ್ತವೆ. ಮೂಲದಲ್ಲಿ ಇಲ್ಲದ ಮೇಲುಸ್ವರಗಳು ಸೇರಿಕೊಳ್ಳುತ್ತವೆ. ಮೆಲ್ಲನೆ ನುಡಿಸಿದ್ದಕ್ಕೂ ಗಟ್ಟಿಯಾಗಿ ನುಡಿಸಿದ್ದಕ್ಕೂ ಇರುವ ಅಂತರ ಕಿರಿದಾಗಿ ಸ್ವರ ಹೆಚ್ಚು ಹೊತ್ತು ನಿಲ್ಲುತ್ತದೆ. ಇದೇ ಡಿಸ್ಟಾರ್ಷನ್. ಇದು ಪೆಡಲಿನಲ್ಲಿ, ಆಂಪಿನ (ಆಂಪ್ಲಿಫೈಯರಿನ) ಪ್ರೀಆಂಪ್ ಹಂತದಲ್ಲಿ, ನಿರ್ವಾತ ನಳಿಕೆಗಳಾದ ಪವರ್ ವಾಲ್ವುಗಳಲ್ಲಿ, ಕೊನೆಗೆ ಸ್ಪೀಕರಿನ ಕಾಗದದ ಕೋನಿನಲ್ಲೂ ಆಗಬಹುದು. ಈ ನಾಲ್ಕರಲ್ಲಿ ಪೆಡಲಿನ ಕಥೆಯೇ ಹೆಚ್ಚು ಪ್ರಚಾರ ಪಡೆದು, ಒಳ್ಳೆಯ ನಾದಕ್ಕೆ ಒಳ್ಳೆಯ ಪೆಡಲ್ ಸಾಕು ಎಂಬ ನಂಬಿಕೆ ಬೇರೂರಿದೆ. ಈ ಕ್ಷೇತ್ರ ಬೆಳೆದುಬಂದ ದಾರಿ ಬೇರೆಯದನ್ನೇ ಹೇಳುತ್ತದೆ.

ಆರಂಭದ ಪ್ರಸಿದ್ಧ ಉದಾಹರಣೆಗಳು ಕೆಟ್ಟ ಅಥವಾ ಬೇಕೆಂದೇ ಕೆಡಿಸಿದ ಉಪಕರಣಗಳಿಂದ ಬಂದವು. 1951ರ ‘ರಾಕೆಟ್ 88’ ಧ್ವನಿಮುದ್ರಿಕೆಯಲ್ಲಿ ಕೇಳುವ ಒರಟು ನಾದ ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್ ಅವರ ಹಾಳಾದ ಆಂಪಿನದು. 1958ರ ‘ರಂಬಲ್’ಗಾಗಿ ಲಿಂಕ್ ರೇ ಸ್ಪೀಕರಿಗೆ ತೂತು ಕೊರೆದರು, 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್ ಬ್ಲೇಡಿನಿಂದ ಕೋನ್ ಸೀಳಿದರು. ಮೊದಲ ಹೆಜ್ಜೆಗಳನ್ನು ಇಟ್ಟದ್ದು ಆಂಪ್ ಮತ್ತು ಸ್ಪೀಕರ್ ಎಂಬುದನ್ನು ಇಲ್ಲಿಯೇ ಗಮನಿಸಬೇಕು. ಪೆಡಲ್ ಬಂದದ್ದು 1962ರಲ್ಲಿ. ನ್ಯಾಶ್‌ವಿಲ್‌ನ ಸ್ಟುಡಿಯೋ ಒಂದರಲ್ಲಿ ಮಿಕ್ಸರ್ ಕೆಟ್ಟು ಹುಟ್ಟಿದ ಸದ್ದನ್ನು ಎಂಜಿನಿಯರ್ ಗ್ಲೆನ್ ಸ್ನಾಡಿ ಟ್ರಾನ್ಸಿಸ್ಟರ್ ಸರ್ಕ್ಯೂಟಿಗೆ ಇಳಿಸಿದರು. ಅದು ಮ್ಯಾಸ್ಟ್ರೋ ಫಜ್-ಟೋನ್ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್‌ನ ‘ಸ್ಯಾಟಿಸ್ಫ್ಯಾಕ್ಷನ್’ ಬರುವವರೆಗೆ ಅದನ್ನು ಕೇಳುವವರು ಕಡಿಮೆ. ಮರುವರ್ಷ ಫಜ್ ಫೇಸ್, ದಶಕದ ಕೊನೆಗೆ ಬಿಗ್ ಮಫ್ ಬಂದವು. ಜರ್ಮೇನಿಯಂ ಟ್ರಾನ್ಸಿಸ್ಟರುಗಳ ಬಗ್ಗೆ ಇಂದು ಬೆಳೆದಿರುವ ಭಕ್ತಿಗೆ ಈ ಕಾಲವೇ ಮೂಲ. ಆದರೆ ಅವುಗಳ ಗುಣ ಬಿಸಿಲೇರಿದಂತೆ ಬದಲಾಗುತ್ತಿತ್ತು, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿತ್ತು ಎಂಬುದನ್ನು ಆ ಭಕ್ತಿ ಮರೆತಿದೆ.

ಅದೇ ದಶಕದಲ್ಲಿ ಆಂಪಿನ ಕಡೆ ಹೆಚ್ಚು ದೂರಗಾಮಿಯಾದ ಕೆಲಸ ನಡೆಯಿತು. ಲಂಡನ್ನಿನಲ್ಲಿ ಡ್ರಮ್ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ ಮತ್ತು ಅವರ ಸಂಗಡಿಗರು ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪಿನ ಸರ್ಕ್ಯೂಟನ್ನು ಅನುಸರಿಸಿ ಜೆಟಿಎಂ45 ಕಟ್ಟಿದರು. ಸರ್ಕ್ಯೂಟ್ ಬಹುಪಾಲು ಒಂದೇ ಆಗಿದ್ದರೂ ವಾಲ್ವು, ಸೆಲೆಶ್ಚನ್ ಸ್ಪೀಕರ್, ಹಿಂಭಾಗ ಮುಚ್ಚಿದ ಪೆಟ್ಟಿಗೆ ಬದಲಾದದ್ದರಿಂದ ನಾದವೇ ಬದಲಾಯಿತು. ಫೆಂಡರ್‌ನ 6ಎಲ್6 ವಾಲ್ವುಗಳದು ಸ್ವಚ್ಛ, ವಿಶಾಲ ನಾದ. ಮಾರ್ಷಲ್ ಮುಂದೆ ಬಳಸಿದ ಇಎಲ್34ಗಳದು ಮಧ್ಯಸ್ಥಾಯಿಯಲ್ಲಿ ಮೊನಚಾದ ನಾದ. ಬ್ರಿಟನ್ನಿನದೇ ಆದ ವಾಕ್ಸ್ ಎಸಿ30ರ ಇಎಲ್84ಗಳದು ಮೇಲುಸ್ಥಾಯಿಯಲ್ಲಿ ಮಿಂಚುವ ನಾದ. ಬ್ರಿಟಿಷ್, ಅಮೆರಿಕನ್ ಎಂಬ ಎರಡು ಮನೆತನಗಳು ಹೀಗೆ ಬೇರ್ಪಟ್ಟವು.

1977ರಿಂದ 1979ರ ಅವಧಿ ಈ ಕ್ಷೇತ್ರದ ಅತ್ಯಂತ ಫಲವತ್ತಾದ ಕಾಲ. 1977ರಲ್ಲಿ ಜಪಾನಿನ ಬಾಸ್ ಕಂಪನಿ ಓಡಿ-1, ಮರುವರ್ಷ ಡಿಎಸ್-1 ತಂದಿತು. 1979ರ ಹೊತ್ತಿಗೆ ಐಬನೇಜ್‌ನ ಟ್ಯೂಬ್ ಸ್ಕ್ರೀಮರ್ ಟಿಎಸ್808, ಅಮೆರಿಕದ ರ‍್ಯಾಟ್ ಎರಡೂ ಬಂದಿದ್ದವು. ಇವುಗಳಲ್ಲಿ ಎರಡು ಪಂಥಗಳಿವೆ. ಡಿಎಸ್-1 ಮತ್ತು ರ‍್ಯಾಟ್‌ಗಳಲ್ಲಿ ಹಿಗ್ಗಿದ ಸಂಕೇತವನ್ನು ಡಯೋಡುಗಳು ಗ್ರೌಂಡಿಗೆ ಎಳೆದು ಚಪ್ಪಟೆಯಾಗಿ ಕತ್ತರಿಸುತ್ತವೆ. ಆಂಪ್ ಸ್ವಚ್ಛವಾಗಿದ್ದರೂ ಅವು ಕೆಲಸ ಮಾಡುತ್ತವೆ. ಟ್ಯೂಬ್ ಸ್ಕ್ರೀಮರ್‌ನಲ್ಲಿ ಡಯೋಡುಗಳು ಆಪ್‌ಆಂಪಿನ (ಸಂಕೇತ ಹಿಗ್ಗಿಸುವ ಚಿಪ್ಪಿನ) ಫೀಡ್‌ಬ್ಯಾಕ್ ದಾರಿಯಲ್ಲಿವೆ. ತುದಿ ದುಂಡಗಾಗಿ ಬಾಗುತ್ತದೆ. ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನ ಸ್ವರಗಳಿಗೆ ಕಡಿಮೆ ಗೇನ್ ಸಿಗುವುದರಿಂದ ಮಧ್ಯಸ್ಥಾಯಿ ಉಬ್ಬುತ್ತದೆ. ಈ ಪೆಡಲಿನ ಸಾರ್ಥಕತೆ ಇರುವುದು ಆಗಲೇ ನಾದ ಒಡೆಯುವ ಅಂಚಿನಲ್ಲಿರುವ ವಾಲ್ವ್ ಆಂಪಿನ ಮುಂದೆ. ಸ್ಟೀವಿ ರೇ ವಾನ್ ಇದನ್ನು ಫೆಂಡರ್ ಆಂಪುಗಳ ಮುಂದಿಟ್ಟರು. ಹೆವಿ ಮೆಟಲ್ ವಾದಕರು ಡ್ರೈವ್ ತಗ್ಗಿಸಿ, ಲೆವೆಲ್ ಏರಿಸಿ, ಮಂದ್ರ ತಂತಿಗಳ ರಾಡಿ ಕಳೆಯಲು ಇಂದಿಗೂ ಬಳಸುತ್ತಾರೆ. ಪೆಡಲೂ ಆಂಪೂ ಒಂದೇ ವಾದ್ಯದ ಎರಡು ಭಾಗಗಳೆಂದು ಅರಿತ ಪಂಥ ಇದೊಂದೇ; ಇದಕ್ಕಿಂತ ಪ್ರೌಢವಾದ ವಿಧಾನ ಆಮೇಲೆ ಬಂದಿಲ್ಲ. ಇದರ ಒಳಗಿರುವ ಜೆಆರ್‌ಸಿ4558 ಚಿಪ್ಪಿಗಾಗಿ ಸಂಗ್ರಾಹಕರು ಸುರಿಯುವ ಹಣ ಸರ್ಕ್ಯೂಟಿನ ವಿನ್ಯಾಸಕ್ಕೆ ಸಲ್ಲಬೇಕಾದ ಗೌರವವನ್ನು ಬಿಡಿಭಾಗಕ್ಕೆ ಕೊಡುತ್ತಿದೆ.

1970ರ ದಶಕದಲ್ಲಿ ಆಂಪಿನೊಳಗೇ ಗೇನ್ ಹೆಚ್ಚಿಸುವ ಪ್ರಯತ್ನಗಳು ನಡೆದವು. ಮೀಸಾ ಬೂಗಿಯ ರ‍್ಯಾಂಡಲ್ ಸ್ಮಿತ್ ಪ್ರೀಆಂಪ್ ಹಂತಗಳನ್ನು ಒಂದರ ಹಿಂದೊಂದು ಜೋಡಿಸಿದರು. ಮಾಸ್ಟರ್ ವಾಲ್ಯೂಮ್ ಬಂದಮೇಲೆ ಸದ್ದು ತಗ್ಗಿಸಿಯೂ ಡಿಸ್ಟಾರ್ಷನ್ ಪಡೆಯುವುದು ಸಾಧ್ಯವಾಯಿತು. 1981ರ ಮಾರ್ಷಲ್ ಜೆಸಿಎಂ800, 1992ರ ಪೀವಿ 5150 ಈ ದಾರಿಯ ಮೈಲಿಗಲ್ಲುಗಳು. ಪೆಡಲೇ ನಾದವನ್ನು ನಿರ್ಧರಿಸಿದ ಅಪವಾದವೂ ಉಂಟು: 1983ರ ಬಾಸ್ ಎಚ್‌ಎಂ-2ರ ನಾಬುಗಳನ್ನೆಲ್ಲ ಪೂರ್ತಿ ತಿರುಗಿಸಿ ಸ್ವೀಡನ್ನಿನ ಎಂಟೂಮ್ಡ್ ತಂಡ 1990ರಲ್ಲಿ ‘ಲೆಫ್ಟ್ ಹ್ಯಾಂಡ್ ಪಾತ್’ ತಂದಿತು, ಒಂದು ಸಂಗೀತ ಪ್ರಕಾರವೇ ಆ ಸದ್ದಿನ ಮೇಲೆ ನಿಂತಿತು.

ಆಂಪುಗಳನ್ನು ಡಿಜಿಟಲ್ ಆಗಿ ಅನುಕರಿಸುವ ಯುಗ 1998ರ ಲೈನ್ 6 ಪಾಡ್‌ನಿಂದ ಮನೆಮನೆಗೆ ಬಂತು. ಕೆಂಪರ್ ಪ್ರೊಫೈಲರ್ ನಿಜವಾದ ಆಂಪಿನ ನಡವಳಿಕೆಯನ್ನೇ ಸೆರೆಹಿಡಿಯಿತು. ಈ ಯಂತ್ರಗಳ ದೊಡ್ಡ ಕೊಡುಗೆ ಅನುಕರಣೆಗಿಂತ ಒಂದು ಪಾಠ. ಗಿಟಾರ್ ಸ್ಪೀಕರ್ ಸುಮಾರು 5,000 ಹರ್ಟ್ಜ್‌ನ ಮೇಲಿನದನ್ನು ತೀವ್ರವಾಗಿ ತಗ್ಗಿಸುತ್ತದೆ. ಆ ಜರಡಿ ಇಲ್ಲದೆ ಡಿಸ್ಟಾರ್ಷನ್ ಪೆಡಲನ್ನು ನೇರ ಮಿಕ್ಸರಿಗೆ ಕೊಟ್ಟರೆ ಕೇಳುವುದು ಕಿವಿ ಕೊರೆಯುವ ಗುಂಯ್‌ಗುಡುವಿಕೆ. ಉಳಿದೆಲ್ಲ ಹಾಗೇ ಇಟ್ಟು ಸ್ಪೀಕರ್ ಪೆಟ್ಟಿಗೆಯ ಮಾದರಿಯನ್ನು ಮಾತ್ರ ಬದಲಿಸಿದರೆ ನಾದ ಪೂರಾ ಬೇರೆಯಾಗುತ್ತದೆ.

ಬೆಂಗಳೂರು ಈ ಬೆಳವಣಿಗೆಯ ಹೊರಗೇನೂ ಇಲ್ಲ. 1996ರಲ್ಲಿ ಹುಟ್ಟಿದ ಥರ್ಮಲ್ ಅಂಡ್ ಎ ಕ್ವಾರ್ಟರ್, 1998ರ ಕ್ರಿಪ್ಟಾಸ್ ಇಲ್ಲಿಯ ತಂಡಗಳು. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನದಲ್ಲಿ ನುಡಿಸಿದವು. ಆದರೂ ಇಲ್ಲಿಯ ಮನೆ, ಅಭ್ಯಾಸದ ಕೋಣೆ, ಕಾಲೇಜು ವೇದಿಕೆಗಳಲ್ಲಿ ಯಾವ ಆಂಪು, ಎಷ್ಟು ವ್ಯಾಟ್, ಯಾವ ಸ್ಪೀಕರ್ ಹೊಂದುತ್ತದೆ ಎಂಬ ಬಗ್ಗೆ ಕನ್ನಡದಲ್ಲಿ ವ್ಯವಸ್ಥಿತ ಬರವಣಿಗೆ ಬೆಳೆಯಬೇಕಾಗಿದೆ. ಉದಾಹರಣೆಗೆ, 100 ವ್ಯಾಟಿನ ಆಂಪು 50 ವ್ಯಾಟಿನದಕ್ಕಿಂತ ಕೇವಲ 3 ಡೆಸಿಬೆಲ್ ಜೋರು. ಅಪಾರ್ಟ್‌ಮೆಂಟಿನಲ್ಲಿ ಎರಡೂ ತಮ್ಮ ಪವರ್ ವಾಲ್ವುಗಳು ಹಾಡುವ ಮಟ್ಟ ಮುಟ್ಟಲಾರವು. ಅಮೆರಿಕದಿಂದ ತಂದ 120 ವೋಲ್ಟಿನ ಆಂಪಿಗೆ ನಮ್ಮ 230 ವೋಲ್ಟನ್ನು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಆದ್ದರಿಂದ ಆಯ್ಕೆಯ ಕ್ರಮ ಸ್ಪಷ್ಟ. ಎಷ್ಟು ಸದ್ದಿನಲ್ಲಿ ನುಡಿಸುವುದು ಎಂಬುದು ಮೊದಲು ತೀರ್ಮಾನವಾಗಬೇಕು. ಅದಕ್ಕೆ ತಕ್ಕ ಆಂಪ್ ಮತ್ತು ಸ್ಪೀಕರ್ ಆಮೇಲೆ. ಆ ಆಂಪ್ ಸ್ವಚ್ಛವಾಗಿಯೇ ಉಳಿಯುವುದಾದರೆ ತಾನೇ ಪೂರ್ತಿ ಕತ್ತರಿಸುವ ಡಿಎಸ್-1, ರ‍್ಯಾಟ್ ಬಗೆಯ ಪೆಡಲ್. ಒಡೆಯುವ ಅಂಚಿಗೆ ಬರುವುದಾದರೆ ಟ್ಯೂಬ್ ಸ್ಕ್ರೀಮರ್ ಬಗೆಯದು. ಪೆಡಲನ್ನು ಅಂಗಡಿಯ ಆಂಪಿನಲ್ಲಿ ಕೇಳಿ ಕೊಳ್ಳುವ ಬದಲು, ತಮ್ಮ ಆಂಪನ್ನೇ ಹೊತ್ತೊಯ್ದು, ತಾವು ನುಡಿಸುವ ಸದ್ದಿನಲ್ಲಿ ಕೇಳಿ ಕೊಳ್ಳುವುದು ಒಳಿತು.