ಮೊದಲ ಪುಟದಲ್ಲಿ ಏನಿರಬೇಕು: ಸಿ ಭಾಷೆಯ ಪರಿಚಯದ ಚರಿತ್ರೆ

ಪ್ರೋಗ್ರಾಮಿಂಗ್ ಭಾಷೆಯೊಂದನ್ನು ಹೊಸಬರಿಗೆ ಚಿಕ್ಕದಾಗಿ ಪರಿಚಯಿಸುವುದೆಂದರೆ ಅದರ ಪೂರ್ಣ ವಿವರಣೆಯನ್ನು ಕತ್ತರಿಸಿ ಗಿಡ್ಡ ಮಾಡುವುದು ಎಂದೇ ಹಲವರ ಎಣಿಕೆ. ಚರಿತ್ರೆಯ ಸಾಕ್ಷ್ಯ ಬೇರೆಯೇ ಇದೆ. ಪೀಟರ್ ನೌರ್ ಸಂಪಾದಿಸಿ 1960ರಲ್ಲಿ ಹೊರಬಂದ ಆಲ್ಗಾಲ್ 60 ವರದಿಯಲ್ಲಿ 20 ಪುಟವೂ ಇರಲಿಲ್ಲ. ಅಷ್ಟರೊಳಗೆ ಇಡೀ ಭಾಷೆಯ ವ್ಯಾಕರಣ ಅಡಕವಾಗಿತ್ತು. ಬಿಗಿತನದಲ್ಲಿ ಅದಕ್ಕೆ ಸಮನಾದದ್ದು ಅಪರೂಪ. ಆದರೂ ಹೊಸಬರಿಗೆ ಅದು ಕಬ್ಬಿಣದ ಕಡಲೆಯಾಗಿತ್ತು. ಫಲಿತಾಂಶವನ್ನು ಕಾಗದದ ಮೇಲೆ ಮೂಡಿಸುವುದು ಹೇಗೆಂದು ಆ ವರದಿ ಹೇಳಿಯೇ ಇರಲಿಲ್ಲ. ಅದನ್ನು ಆಯಾ ಯಂತ್ರದವರಿಗೆ ಬಿಟ್ಟಿತ್ತು. ಹಾಗಾಗಿ ಸಂಕ್ಷೇಪ ಒಂದು ಗುಣ, ಪರಿಚಯ ಬೇರೊಂದು ಕಸುಬು. ಯಾವುದು ಮೊದಲು, ಯಾವುದು ಆಮೇಲೆ, ಯಾವುದನ್ನು ಸದ್ಯಕ್ಕೆ ಹೇಳಲೇಬಾರದು ಎಂದು ತೀರ್ಮಾನಿಸುವುದು ಆ ಕಸುಬಿನ ಜೀವಾಳ.

ಈ ಕಸುಬು ಹದಗೊಂಡದ್ದು 1970ರ ದಶಕದಲ್ಲಿ, ಅಮೆರಿಕದ ನ್ಯೂಜೆರ್ಸಿಯ ಬೆಲ್ ಲ್ಯಾಬ್ಸ್‌ನಲ್ಲಿ. ಸಿ ಭಾಷೆಗೆ ಮೂಲವಾದ ಬಿ ಭಾಷೆಗೆ ಬ್ರಯಾನ್ ಕರ್ನಿಹಾನ್ ಬರೆದ ಪರಿಚಯದಲ್ಲೇ 'ಹಲೋ, ವರ್ಲ್ಡ್' ಎಂಬ ಸಾಲನ್ನು ಮೂಡಿಸುವ ಪುಟ್ಟ ಪ್ರೋಗ್ರಾಮ್ ಕಾಣಿಸಿಕೊಳ್ಳುತ್ತದೆ, ಆದರೆ ಆರಂಭದಲ್ಲಲ್ಲ. ಬಿ ಭಾಷೆಯ ಒಂದು ಅಕ್ಷರಸ್ಥಿರಾಂಕದಲ್ಲಿ 4 ಅಕ್ಷರಕ್ಕಷ್ಟೇ ಜಾಗ. ಆದ್ದರಿಂದ ಇಂಗ್ಲಿಷಿನ ಆ 12 ಅಕ್ಷರಗಳನ್ನು ಮೂರು ತುಂಡು ಮಾಡಿ, ಚರಗಳ ಪಾಠಕ್ಕೊಂದು ಉದಾಹರಣೆಯಾಗಿ ಅವರು ಕೊಟ್ಟಿದ್ದರು. 1978ರಲ್ಲಿ ಡೆನಿಸ್ ರಿಚಿಯವರೊಂದಿಗೆ ತಂದ ಸಿ ಪುಸ್ತಕದ ಹೊತ್ತಿಗೆ ಅದು ಮೊತ್ತಮೊದಲ ಪ್ರೋಗ್ರಾಮ್ ಆಗಿತ್ತು. 228 ಪುಟಗಳ ಆ ಪುಸ್ತಕದ ವಿನ್ಯಾಸವೇ ಒಂದು ವಾದದಂತಿದೆ. ಭಾಷೆಯ ಅಧಿಕೃತ ಕೈಪಿಡಿ ಹೋಗಿ ಅನುಬಂಧದಲ್ಲಿ ಕುಳಿತಿದೆ. ಮೊದಲ ಅಧ್ಯಾಯ ಫ್ಯಾರನ್‌ಹೀಟನ್ನು ಸೆಲ್ಸಿಯಸ್‌ಗೆ ತಿರುಗಿಸುವ ಪಟ್ಟಿ, ಅಕ್ಷರ, ಸಾಲು, ಪದಗಳ ಎಣಿಕೆ ಎಂದು ಕೆಲಸದಿಂದ ಕೆಲಸಕ್ಕೆ ಸಾಗುತ್ತದೆ. ಪಾಯಿಂಟರುಗಳ ವಿವರ ಐದನೆಯ ಅಧ್ಯಾಯದವರೆಗೆ ಕಾಯುತ್ತದೆ. ಟರ್ಮಿನಲ್ ಮುಂದೆ ಕುಳಿತು ಆಗಿಂದಾಗ್ಗೆ ಉತ್ತರ ಪಡೆಯುವ ಅನುಕೂಲ ಬಂದದ್ದರಿಂದಲೇ ಈ ಕ್ರಮ ಸಾಧ್ಯವಾಯಿತು. ಪಂಚ್ ಕಾರ್ಡುಗಳ ಕಟ್ಟು ಒಪ್ಪಿಸಿ ಗಂಟೆಗಟ್ಟಲೆ ಕಾಯಬೇಕಾದವನಿಗೆ ಒಂದು ಸಾಲಿನ ನಮಸ್ಕಾರ ದುಬಾರಿ. ಟರ್ಮಿನಲ್ ಮುಂದಿರುವವನಿಗೆ ಅದೇ ಸಾಲು ಎಡಿಟರ್, ಕಂಪೈಲರ್, ಯಂತ್ರ ಎಲ್ಲವೂ ಕೈಗೆ ಬಂದವು ಎಂಬ ಖಾತ್ರಿ.

ಸಿ ಹಬ್ಬಿದ್ದು ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಿಂದ, ಪುಸ್ತಕದಿಂದಲ್ಲ ಎಂಬ ಆಕ್ಷೇಪವುಂಟು. ಅದರಲ್ಲಿ ಅರ್ಧ ನಿಜ. ಯುನಿಕ್ಸ್ ವಿಶ್ವವಿದ್ಯಾಲಯಗಳಿಗೆ ಅಗ್ಗವಾಗಿ ಸಿಕ್ಕಿತು, ಅದರ ಜೊತೆಗೇ ಸಿ ಹೋಯಿತು. ಆದರೆ ಭಾಷೆ ಹೇಗೆ ಹಬ್ಬಿತು ಎಂಬುದಕ್ಕೆ ಇದು ಉತ್ತರವೇ ಹೊರತು, ಪರಿಚಯದ ಕ್ರಮ ಹೇಗೆ ಹಬ್ಬಿತು ಎಂಬುದಕ್ಕಲ್ಲ. ವಿಂಡೋಸ್ ಯಂತ್ರದ ಮುಂದೆ ಜಾವಾ ಕಲಿಯಲು ಕುಳಿತವರಿಗೆ ಯುನಿಕ್ಸ್‌ನ ಹಂಗಿರಲಿಲ್ಲ. ಆದರೂ ಅವರು ಬರೆದ ಮೊದಲ ಪ್ರೋಗ್ರಾಮ್ ಅದೇ 'ಹಲೋ, ವರ್ಲ್ಡ್'.

ಇದಕ್ಕಿಂತ ತೂಕದ ಆಕ್ಷೇಪ ಇನ್ನೊಂದಿದೆ: ಚಿಕ್ಕ ಪರಿಚಯ ಅಪಾಯಗಳನ್ನು ಮುಚ್ಚಿಡುತ್ತದೆ. ಇದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. 1978ರ ಸಿ ಪುಸ್ತಕದ ಅದೇ ಮೊದಲ ಅಧ್ಯಾಯದಲ್ಲಿ ಒಂದು ಸಾಲನ್ನು ಓದಿಕೊಳ್ಳುವ ಫಂಕ್ಷನ್ ತನ್ನ ಮಿತಿಯನ್ನು ನೋಡಿಕೊಂಡೇ ನಡೆಯುತ್ತದೆ. ಅದರ ಪಕ್ಕದ, ನಕಲು ಮಾಡುವ ಫಂಕ್ಷನ್ ಮಾತ್ರ ಎದುರಿಗೆ ಸಾಕಷ್ಟು ಜಾಗವಿದೆ ಎಂದು ನಂಬಿಬಿಡುತ್ತದೆ. ಲೇಖಕರು ಆ ನಂಬಿಕೆಯನ್ನು ಟಿಪ್ಪಣಿಯಲ್ಲಿ ಹೇಳಿಯೇ ಇದ್ದಾರೆ. ಆದರೂ ಅದೇ ಬಗೆಯ ನಂಬಿಕೆಯ ಬೆಲೆ 1988ರ ನವೆಂಬರಿನಲ್ಲಿ ತಿಳಿಯಿತು. ಯಂತ್ರದಿಂದ ಯಂತ್ರಕ್ಕೆ ತಾನೇ ನಕಲಾಗುವ ಮಾರಿಸ್ ವರ್ಮ್ ಎಂಬ ಪ್ರೋಗ್ರಾಮ್ ಇಂಟರ್ನೆಟ್‌ನಲ್ಲಿ ಹರಡಲು ಹಿಡಿದ ದಾರಿಗಳಲ್ಲೊಂದು, 512 ಬೈಟ್‌ಗಳ ಜಾಗಕ್ಕೆ ಅಳತೆ ನೋಡದೆ ಸಾಲನ್ನು ತುಂಬುತ್ತಿದ್ದ 'ಗೆಟ್ಸ್' ಎಂಬ ಫಂಕ್ಷನ್. ಅದನ್ನು ಭಾಷೆಯಿಂದ ತೆಗೆದುಹಾಕಲು 2011ರ ಸಿ ಮಾನದಂಡವೇ ಬರಬೇಕಾಯಿತು. ಹಾಗೆಂದು ಮೊದಲ ಪುಟದಲ್ಲೇ ಎಚ್ಚರಿಕೆಗಳನ್ನು ಪೇರಿಸಿದರೆ ಅದು ಮತ್ತೆ ಕೈಪಿಡಿಯೇ ಆದೀತು. ಈ ತೊಡಕು ಸಂಕ್ಷೇಪದಿಂದ ಬಂದದ್ದಲ್ಲ, ಆಯ್ಕೆಯಿಂದ ಬಂದದ್ದು. ಮಿತಿ ನೋಡುವ ಫಂಕ್ಷನ್‌ಗೂ ನಂಬಿಕೊಳ್ಳುವ ಫಂಕ್ಷನ್‌ಗೂ ನಡುವಿನ ವ್ಯತ್ಯಾಸ ಒಂದೆರಡು ಸಾಲಿನದಷ್ಟೇ.

ಆಯ್ಕೆಯ ಈ ಪ್ರಶ್ನೆ ಕನ್ನಡಿಗರಿಗೆ ನೇರವಾಗಿ ತಟ್ಟುವ ಜಾಗವೊಂದಿದೆ. ಒಂದು ಅಕ್ಷರಕ್ಕೆ ಒಂದು ಬೈಟ್ ಎಂಬ ಲೆಕ್ಕ ಸಿ ಪರಿಚಯಗಳ ಮೊದಲ ಅಧ್ಯಾಯದಿಂದಲೇ ತಲೆಮಾರುಗಳ ತಲೆಯಲ್ಲಿ ಕೂತಿತು. ಕನ್ನಡಕ್ಕೆ ಅದು ಹೊಂದುವುದಿಲ್ಲ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ, ಯೂನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. 'ನಮಸ್ಕಾರ'ದಲ್ಲಿ ಕಣ್ಣಿಗೆ ಕಾಣುವುದು 4 ಅಕ್ಷರ, ಯೂನಿಕೋಡ್ ಎಣಿಸುವುದು 7 ಸಂಕೇತ, ಯಂತ್ರ ಕೂಡಿಡುವುದು 21 ಬೈಟ್. ಅಲನ್ ಡೊನೊವನ್ ಜೊತೆ 2015ರಲ್ಲಿ ಗೋ ಭಾಷೆಗೆ ಪುಸ್ತಕ ಬರೆದಾಗ ಕರ್ನಿಹಾನ್ ಅದೇ ಹಳೆಯ ವಾಕ್ಯದಲ್ಲಿ 'ವರ್ಲ್ಡ್' ಜಾಗಕ್ಕೆ ಚೀನೀ ಲಿಪಿಯ ಪದವನ್ನಿಟ್ಟರು. ಇಂಗ್ಲಿಷಿನಾಚೆಯ ಲಿಪಿಯೂ ಮೊದಲ ಸಾಲಿನಿಂದಲೇ ನಡೆಯುತ್ತದೆ ಎಂದು ತೋರಿಸಲು ಅಷ್ಟು ಸಾಕಾಯಿತು. ಕನ್ನಡದಲ್ಲಿ ಬರೆಯುವ ಪರಿಚಯ ಇನ್ನೊಂದು ಹೆಜ್ಜೆ ಇಡಬಹುದು: 'ನಮಸ್ಕಾರ'ವನ್ನು ಮೂಡಿಸಿದ ಮೇಲೆ, ಎರಡನೆಯ ಉದಾಹರಣೆಯಲ್ಲೇ ಅದರ ಉದ್ದವನ್ನು ಕೇಳಿ, 4ರ ಬದಲು 21 ಏಕೆ ಬಂತೆಂದು ವಿವರಿಸುವುದು.