ಮನೆಯ ಅಕ್ವೇರಿಯಂನಲ್ಲಿ ಸಿಕ್ಲಿಡ್ ಮೀನುಗಳ ಪಾಲನೆ: ಕುದೇರು ಹಾಗೂ ಸುತ್ತಲಿನ ಗ್ರಾಮಗಳ ಆಸಕ್ತರಿಗೆ ಮಾಹಿತಿ

ಪೀಠಿಕೆ

ಅಲಂಕಾರಿಕ ಮೀನುಗಳಲ್ಲಿ ಸಿಕ್ಲಿಡ್ ಕುಟುಂಬದ ಮೀನುಗಳಿಗೆ ವಿಶೇಷ ಬೇಡಿಕೆಯಿದೆ. ಏಂಜೆಲ್, ಡಿಸ್ಕಸ್, ಆಸ್ಕರ್, ಫ್ಲವರ್‌ಹಾರ್ನ್ ಮುಂತಾದವು ಈ ಕುಟುಂಬಕ್ಕೆ ಸೇರಿವೆ. ಚಾಮರಾಜನಗರ ತಾಲ್ಲೂಕಿನ ಕುದೇರು ಹಾಗೂ ಸುತ್ತಲಿನ ಗ್ರಾಮಗಳಲ್ಲಿ ಇವುಗಳನ್ನು ಸಾಕಬಯಸುವವರು ಎರಡು ಅಂಶಗಳನ್ನು ಮುಖ್ಯವಾಗಿ ಗಮನಿಸತಕ್ಕದ್ದು. ಮೊದಲನೆಯದು, ಮನೆಯಲ್ಲಿ ದೊರೆಯುವ ನೀರಿಗೆ ಹೊಂದುವ ಮೀನನ್ನೇ ಆಯ್ಕೆ ಮಾಡುವುದು. ಎರಡನೆಯದು, ಸಾಕಿದ ಮೀನನ್ನು ಯಾವ ಕಾರಣಕ್ಕೂ ಕೆರೆ, ಬಾವಿ ಅಥವಾ ಹೊಳೆಗೆ ಬಿಡದಿರುವುದು.

ಸಿಕ್ಲಿಡ್ ಮೀನುಗಳ ಪರಿಚಯ

ಆಫ್ರಿಕಾ ಮತ್ತು ದಕ್ಷಿಣ ಅಮೆರಿಕಗಳು ಸಿಕ್ಲಿಡ್‌ಗಳ ಮುಖ್ಯ ನೆಲೆಗಳು. ತಲೆಯ ಪ್ರತಿ ಪಾರ್ಶ್ವದಲ್ಲಿ ಒಂದೇ ಮೂಗಿನ ರಂಧ್ರವಿರುವುದು ಇವುಗಳ ಗುರುತು. ಮೊಟ್ಟೆ ಹಾಗೂ ಮರಿಗಳನ್ನು ಕಾಯುವುದು ಇವುಗಳ ಸ್ವಭಾವ. ಕೆಲವು ಜಾತಿಗಳಲ್ಲಿ ತಾಯಿಮೀನು ಮರಿಗಳನ್ನು ಬಾಯಿಯಲ್ಲೇ ಇಟ್ಟುಕೊಂಡು ರಕ್ಷಿಸುತ್ತದೆ.

ಭಾರತದ ಸ್ಥಳೀಯ ಸಿಕ್ಲಿಡ್‌ಗಳು ಮೂರೇ ಜಾತಿ. ಕೇರಳದಲ್ಲಿ ಕರಿಮೀನ್ ಎಂದು ಹೆಸರಾದ ಜಾತಿ ಮತ್ತು ಕಿತ್ತಳೆ ಬಣ್ಣದ ಚಿಕ್ಕ ಜಾತಿ ಅವುಗಳಲ್ಲಿ ಎರಡು. ಮೂರನೆಯದಾದ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬುದು ದಕ್ಷಿಣ ಕನ್ನಡ ಸೀಮೆಯ ಹೊಳೆಗಳ ಮೀನು. ಫ್ರಾನ್ಸಿಸ್ ಡೇ ಎಂಬ ವಿಜ್ಞಾನಿ 1877ರಲ್ಲಿ ಇದನ್ನು ಮೊದಲು ವಿವರಿಸಿದರು. ಇದು ಅಳಿವಿನಂಚಿನ ಜಾತಿಯಾದುದರಿಂದ ಹೊಳೆಯಿಂದ ಹಿಡಿದು ತಂದ ಮೀನನ್ನು ಕೊಳ್ಳಬಾರದು.

ನೀರಿಗೆ ತಕ್ಕ ಮೀನಿನ ಆಯ್ಕೆ

ಬಯಲುಸೀಮೆಯ ಕೊಳವೆಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಬೇಳೆ ಬೇಗ ಬೇಯದಿರುವುದು, ಸೋಪು ನೊರೆ ಬಾರದಿರುವುದು, ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದು ಇದರ ಲಕ್ಷಣಗಳು. ಆಯ್ಕೆಯನ್ನು ಈ ಕೆಳಕಂಡಂತೆ ಮಾಡಬಹುದು.

1. ಗಡಸು ನೀರಿಗೆ: ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳು ಸೂಕ್ತ. ಇವುಗಳಿಗೆ 7.8ರಿಂದ 8.6ರವರೆಗಿನ ಪಿಎಚ್ ಹಿತಕರ. ಹಳದಿ ಬಣ್ಣದ 'ಎಲೆಕ್ಟ್ರಿಕ್ ಯೆಲ್ಲೊ' ಜಾತಿಯು ಇತರ ಮಲಾವಿ ಮೀನುಗಳಿಗಿಂತ ಸೌಮ್ಯವಾದುದರಿಂದ ಹೊಸಬರಿಗೆ ಅನುಕೂಲ.

2. ಮೆದು ನೀರಿಗೆ: ಅಮೆಜಾನ್ ಪ್ರದೇಶದ ಏಂಜೆಲ್ ಮೀನಿಗೆ 6.5ರಿಂದ 7.5ರ ಪಿಎಚ್ ಒಪ್ಪುತ್ತದೆ. ಡಿಸ್ಕಸ್ ಮೀನಿಗೆ ಮೆದು ನೀರಿನ ಜೊತೆಗೆ 28ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವೂ ಬೇಕು. ಅನುಭವವಿಲ್ಲದವರು ಇದನ್ನು ಕೈಗೊಳ್ಳದಿರುವುದು ಒಳಿತು. ಶುಚಿಯಾದ ಮಳೆನೀರನ್ನು ಬೆರೆಸಿ ಗಡಸುತನವನ್ನು ತಗ್ಗಿಸಬಹುದು.

3. ದೊಡ್ಡ ಮೀನುಗಳು: ಆಸ್ಕರ್ ಮತ್ತು ಫ್ಲವರ್‌ಹಾರ್ನ್ ಸುಮಾರು 30 ಸೆಂ.ಮೀ. ಉದ್ದ ಬೆಳೆಯುತ್ತವೆ. ಫ್ಲವರ್‌ಹಾರ್ನ್ 1990ರ ದಶಕದಲ್ಲಿ ಮಲೇಷ್ಯಾದಲ್ಲಿ ರೂಪುಗೊಂಡ ಮಿಶ್ರತಳಿ. ಉಗ್ರ ಸ್ವಭಾವದ ಈ ಮೀನನ್ನು ಒಂಟಿಯಾಗಿಯೇ ಇಡಬೇಕು. ಅಂಗಡಿಯಲ್ಲಿ ಬೆರಳುದ್ದವಿರುವ ಮರಿಯನ್ನು ನೋಡಿ ತೊಟ್ಟಿಯ ಅಳತೆಯನ್ನು ನಿರ್ಧರಿಸಬಾರದು.

ತೊಟ್ಟಿಯ ಸಿದ್ಧತೆ

• 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ ತೊಟ್ಟಿಯಲ್ಲಿ ಸುಮಾರು 240 ಲೀಟರ್ ನೀರು ಹಿಡಿಯುತ್ತದೆ. ನೀರಿನ ತೂಕವೇ 240 ಕಿಲೋಗ್ರಾಂ ಆಗುವುದರಿಂದ ಭದ್ರವಾದ, ಸಮತಟ್ಟಾದ ಆಧಾರ ಅಗತ್ಯ. ಇಂತಹ ತೊಟ್ಟಿಯಲ್ಲಿ ಹತ್ತರಿಂದ ಹನ್ನೆರಡು ಸಣ್ಣ ಮಲಾವಿ ಮೀನುಗಳನ್ನು ಸಾಕಬಹುದು.
• ಮಲಾವಿ ಮೀನುಗಳಿಗೆ ಕಲ್ಲುಗಳನ್ನು ಜೋಡಿಸಿ ಅಡಗುತಾಣಗಳನ್ನು ಮಾಡಬೇಕು. ಕಲ್ಲುಗಳನ್ನು ತೊಟ್ಟಿಯ ತಳದ ಮೇಲೆಯೇ ನಿಲ್ಲಿಸಿ ನಂತರ ಮರಳು ಹಾಕಬೇಕು. ಈ ಮೀನುಗಳು ಮರಳನ್ನು ತೋಡುವುದರಿಂದ ಮರಳ ಮೇಲಿಟ್ಟ ಕಲ್ಲು ಉರುಳಿ ಗಾಜು ಒಡೆಯುವ ಸಂಭವವಿರುತ್ತದೆ.
• ಹೊಸ ತೊಟ್ಟಿಗೆ ಒಮ್ಮೆಲೇ ಮೀನು ಬಿಡಬಾರದು. ಮೀನಿನ ಮಲ ಮತ್ತು ಉಳಿದ ಆಹಾರದಿಂದ ವಿಷಕಾರಿ ಅಮೋನಿಯ ಉಂಟಾಗುತ್ತದೆ. ಫಿಲ್ಟರಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿ, ಬಳಿಕ ಕಡಿಮೆ ಹಾನಿಯ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಈ ವ್ಯವಸ್ಥೆ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಹೊಸ ತೊಟ್ಟಿಯ ಮೀನುಗಳು ಸಾಯುವುದಕ್ಕೆ ಈ ಆತುರವೇ ಬಹುಮಟ್ಟಿಗೆ ಕಾರಣ.

ನಿತ್ಯ ಪಾಲನೆ

ಬಹುತೇಕ ಸಿಕ್ಲಿಡ್‌ಗಳಿಗೆ 24ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶ ಸೂಕ್ತ. ಚಳಿಗಾಲದ ರಾತ್ರಿಗಳಲ್ಲಿ ಹೀಟರ್ ಬಳಸಬೇಕಾಗುತ್ತದೆ. ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರನ್ನು ಬದಲಿಸಬೇಕು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ನಿವಾರಿಸುವ ದ್ರಾವಣ ಬೆರೆಸಬೇಕು. ಕೊಳವೆಬಾವಿ ನೀರಿನಲ್ಲಿ ಆಮ್ಲಜನಕ ಕಡಿಮೆಯಿರಬಹುದಾದ್ದರಿಂದ ಒಂದು ದಿನ ತೆರೆದ ಪಾತ್ರೆಯಲ್ಲಿಟ್ಟು ಬಳಸುವುದು ಸೂಕ್ತ. ಫಿಲ್ಟರಿನ ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಹಿಂಡಿ ತೊಳೆಯಬೇಕು. ವಿದ್ಯುತ್ ಕಡಿತವಾದಾಗ ಉಪಯೋಗಕ್ಕೆ ಬ್ಯಾಟರಿ ಚಾಲಿತ ಗಾಳಿಪಂಪನ್ನು ಇಟ್ಟುಕೊಂಡಿರಬೇಕು. ದಿನಕ್ಕೆ ಒಂದೆರಡು ಬಾರಿ, ಎರಡು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಆಹಾರ ಸಾಕು.

ಕೆರೆ, ಹೊಳೆಗಳಿಗೆ ಬಿಡಬಾರದು

ತೊಟ್ಟಿಗೆ ದೊಡ್ಡದಾದ ಅಥವಾ ಬೇಡವಾದ ಮೀನನ್ನು ಕೆರೆಗೆ ಬಿಡುವುದು ಪುಣ್ಯದ ಕೆಲಸವೆಂಬ ಭಾವನೆ ಕೆಲವರಲ್ಲಿದೆ. ಇದರಿಂದ ಸ್ಥಳೀಯ ಮೀನುಗಳಿಗೂ, ಅವುಗಳನ್ನು ನಂಬಿದ ಮೀನುಗಾರರಿಗೂ ಹಾನಿಯಾಗುತ್ತದೆ. ಜನರು ಜಿಲೇಬಿ ಮೀನು ಎಂದು ಕರೆಯುವ ತಿಲಾಪಿಯಾ ಕೂಡ ಆಫ್ರಿಕಾ ಮೂಲದ ಸಿಕ್ಲಿಡ್. 1952ರಲ್ಲಿ ಮೀನು ಕೃಷಿಗೆಂದು ಭಾರತಕ್ಕೆ ತರಲಾದ ಈ ಮೀನು ಎರಡು ಮೂರು ತಿಂಗಳಲ್ಲೇ ಮರಿ ಮಾಡಲಾರಂಭಿಸುವುದರಿಂದ ಕೆರೆ, ಜಲಾಶಯಗಳಲ್ಲಿ ವ್ಯಾಪಕವಾಗಿ ಹರಡಿದೆ. ಒಮ್ಮೆ ನೆಲೆಯೂರಿದ ಮೀನನ್ನು ಮರಳಿ ತೆಗೆಯುವುದು ಬಹುತೇಕ ಅಸಾಧ್ಯ.

ಚಾಮರಾಜನಗರ ತಾಲ್ಲೂಕಿನಲ್ಲಿ ಹರಿಯುವ ಸುವರ್ಣಾವತಿ ನದಿಯು ಕಾವೇರಿಯನ್ನು ಸೇರುತ್ತದೆ. ಕಾವೇರಿ ಕಣಿವೆಯ ಡುಬ್ಬದ ಮಹಶೀರ್ ಮೀನನ್ನು 2018ರಲ್ಲಿ ತೀವ್ರ ಅಳಿವಿನಂಚಿನ ಜಾತಿಯೆಂದು ಗುರುತಿಸಲಾಯಿತು. ಹೊರಗಿನಿಂದ ತಂದು ಬಿಟ್ಟ ಇನ್ನೊಂದು ಜಾತಿಯ ಮಹಶೀರ್ ಅದರ ಕುಸಿತದ ಕಾರಣಗಳಲ್ಲಿ ಒಂದು. ವನ್ಯಜೀವಿ (ಸಂರಕ್ಷಣೆ) ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯು ಆಕ್ರಮಣಕಾರಿ ಅನ್ಯದೇಶೀಯ ಜಾತಿಗಳನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಿದೆ.

ಬೇಡವಾದ ಮೀನನ್ನು ಮಾರಾಟಗಾರರಿಗೆ ಅಥವಾ ಬೇರೊಬ್ಬ ಹವ್ಯಾಸಿಗೆ ಒಪ್ಪಿಸಬೇಕು. ಸತ್ತ ಮೀನನ್ನು ಮಣ್ಣಿನಲ್ಲಿ ಹೂಳಬೇಕು. ತೊಟ್ಟಿಯ ಹಳೆಯ ನೀರನ್ನು ಚರಂಡಿಗೆ ಹರಿಸದೆ ಹಿತ್ತಲಿನ ಗಿಡಗಳಿಗೆ ಹಾಕಬಹುದು. ಇದರಲ್ಲಿರುವ ನೈಟ್ರೇಟ್ ಗಿಡಗಳಿಗೆ ಗೊಬ್ಬರವಾಗುತ್ತದೆ.

ಉತ್ಪಾದನಾ ಘಟಕ ಸ್ಥಾಪಿಸಬಯಸುವವರಿಗೆ

ಹವ್ಯಾಸಕ್ಕಾಗಿ ಮನೆಯಲ್ಲಿ ಇಡುವ ತೊಟ್ಟಿಗೆ ಸಹಾಯಧನವಿರುವುದಿಲ್ಲ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಸಾಕಾಣಿಕೆ ಘಟಕಕ್ಕೆ 3 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿಪಡಿಸಲಾಗಿತ್ತು. ಸಾಮಾನ್ಯ ವರ್ಗದವರಿಗೆ ಶೇ. 40, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಹಾಗೂ ಮಹಿಳೆಯರಿಗೆ ಶೇ. 60ರ ಸಹಾಯಧನಕ್ಕೆ ಅವಕಾಶ ಕಲ್ಪಿಸಲಾಗಿತ್ತು. ಅರ್ಜಿದಾರರು ಹಣ ತೊಡಗಿಸುವ ಮುನ್ನ, ಆ ಸಾಲಿನಲ್ಲಿ ಜಾರಿಯಲ್ಲಿರುವ ಯೋಜನೆ, ಅರ್ಹತೆ ಹಾಗೂ ಒದಗಿಸಬೇಕಾದ ದಾಖಲೆಗಳ ವಿವರಗಳನ್ನು ಚಾಮರಾಜನಗರದ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕಚೇರಿ ವೇಳೆಯಲ್ಲಿ ವಿಚಾರಿಸಿ ತಿಳಿಯತಕ್ಕದ್ದು.